ದೇವಣಿಗೆ ಬಂದ ಪೆಟ್ಟಿಗೆ

ಕಳೆದ ಬೇಸಗೆ ರಜೆಯಲ್ಲಿ ಈ ಲೇಖಕನಿಗೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ದೇವಣಿ ಕಡೆಗೆ ಹೋಗಿಬರುವ ಸಂದರ್ಭವೊಂದು ಒದಗಿತು. ಟಿ.ಸಿ.ಎಚ್. ಕಲಿಯುತ್ತಿದ್ದ ದಿನಗಳಲ್ಲಿ ಒಂದೇ ಕೋಣೆಯಲ್ಲಿದ್ದ ಬೀದರ ಜಿಲ್ಲೆಯ ಗೆಳೆಯರೊಬ್ಬರ ಅಕ್ಕನನ್ನು ದೇವಣಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಬೀದರದಿಂದ ರೈಲಿನಲ್ಲಿ ಭಾಲ್ಕಿ, ಕಮಲನಗರ ದಾಟಿ ಉದಗೀರ. ಅಲ್ಲಿಂದ ಬಸ್ಸಿನಲ್ಲಿ ದೇವಣಿ. ತೊಗರಿ, ಸೋಯಾಬೀನು ಕೊಯ್ದು ಬರಿದಾದ ಕಪ್ಪು ಎರೆಹೊಲಗಳು ಕಣ್ಣು ಹಾಯುವಷ್ಟು ದೂರ ಬಿರಿದು ಬಿದ್ದಿದ್ದವು. ಕಂಗಿನ ತೋಟದ ನೆರಳಿನಲ್ಲಿ ಬೆಳೆದ ನಮ್ಮಂಥವರಿಗೆ ಆ ಬಿಸಿಲು ತಡೆಯುವಂಥದಲ್ಲ.

ದನ ಸಾಕುವವರಿಗೆ ದೇವಣಿಯ ಹೆಸರು ಹೊಸತಲ್ಲ. ಹಾಲಿಗೂ ಸೈ, ನೊಗಕ್ಕೂ ಸೈ ಎನಿಸಿದ ದೇವಣಿ ತಳಿಗೆ ಹೆಸರು ಬಂದದ್ದು ಈ ಊರಿನಿಂದಲೇ. ಅಚ್ಚ ಬಿಳಿಯ ಬಾಲಂಕ್ಯಾ, ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಯ ಶೇವರಾ, ಮುಖ ಮಾತ್ರ ಕಪ್ಪಾಗಿರುವ ವಾನೇರಾ ಎಂದು ಅದರಲ್ಲಿ ಮೂರು ಬಗೆ. ಒಂದು ಕಾಲಕ್ಕೆ ಈ ಭಾಗದ ಕಾಳುಕಡಿಗಳೆಲ್ಲ ಇಂಥ ಎತ್ತುಗಳ ಗಾಡಿಯಲ್ಲಿಯೇ ಸಂತೆಗೆ ಹೋಗುತ್ತಿದ್ದವು. ಊರಿಗೆ ಬೇಕಾದ ಉಪ್ಪು, ಬಟ್ಟೆ ಅದೇ ಗಾಡಿಯಲ್ಲಿ ಮರಳಿ ಬರುತ್ತಿದ್ದವು.

ನಾವು ಹೋದ ಮರುದಿನ ನಡುಮಧ್ಯಾಹ್ನ. ಅಂಗಳದಲ್ಲಿ ಒಂದು ಬೈಕು ಬಂದು ನಿಂತಿತು. ಸವಾರನ ಬೆನ್ನಿಗೆ ಅವನಿಗಿಂತ ದೊಡ್ಡ ಚೀಲ. ಇಪ್ಪತ್ತರ ಆಸುಪಾಸಿನ ಹುಡುಗ. ಫೋನಿನಲ್ಲಿ ಯಾರೊಡನೆಯೋ ಮರಾಠಿಯಲ್ಲಿ ಮಾತಾಡುತ್ತ ಬಂದವನು ಬಾಗಿಲಲ್ಲಿ ಅಕ್ಕನನ್ನು ಕಂಡೊಡನೆ ಕನ್ನಡಕ್ಕೆ ಹೊರಳಿದ.

“ಆಯಿ, ನಿಮ್ಮ ಪುಸ್ತಕ ಬಂದದ ನೋಡ್ರಿ. ಫೋನಿಗೊಂದು ನಂಬರ್ ಬಂದಿರ್ತದ, ಅದಿಷ್ಟು ಹೇಳ್ರಿ.”

ಮೊಮ್ಮಗ ಫೋನು ನೋಡಿ ಅಂಕಿಗಳನ್ನು ಓದಿ ಹೇಳಿದ. ಅಕ್ಕ ಹುಡುಗನನ್ನು ನೆರಳಿನಲ್ಲಿ ಕೂರಿಸಿ ಒಂದು ಚರಿಗೆ ಮಜ್ಜಿಗೆ ಕೊಟ್ಟರು. ಪೆಟ್ಟಿಗೆ ಬಿಚ್ಚಿದರೆ ದಪ್ಪಕ್ಷರದ ವಚನ ಸಂಗ್ರಹ. ಪುಣೆಯಲ್ಲಿ ಕೆಲಸದಲ್ಲಿರುವ ಮಗ ಅಲ್ಲಿಂದಲೇ ಹಣ ಕಟ್ಟಿ ತರಿಸಿದ್ದನಂತೆ. ತವರಿನಲ್ಲಿ ಕಲಿತ ಕನ್ನಡ ಅಕ್ಷರಗಳನ್ನು ಅರುವತ್ತು ದಾಟಿದ ಮೇಲೂ ಮರೆಯದ ಆ ತಾಯಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, “ಹಿಂದ ಒಂದು ಕನ್ನಡ ಪುಸ್ತಕ ಬೇಕಂದ್ರ ಭಾಲ್ಕಿಗೆ ಹೋಗಬೇಕಿತ್ತು, ಇಲ್ಲಾ ಜಾತ್ರಿ ಬರೂತನಕ ಕಾಯಬೇಕಿತ್ತು” ಎಂದರು.

ಇಂಥ ಪೆಟ್ಟಿಗೆಗಳು ಇಂದು ನಮ್ಮ ಕಾಸರಗೋಡಿನ ಮನೆಗಳಿಗೂ ಬರುತ್ತಿವೆ. ಬಂದದ್ದನ್ನು ಬಿಚ್ಚಿ ನೋಡುತ್ತೇವೆಯೇ ಹೊರತು, ಅದು ಹೇಗೆ ಬಂತು, ತಂದವರು ಯಾರು ಎಂದು ಯೋಚಿಸುವವರು ವಿರಳ.

ನಾಲ್ಕು, ಐದು, ಆರು

ಪೆಟ್ಟಿಗೆಯ ಮೇಲಿದ್ದ ಚೀಟಿಯಲ್ಲಿ ಹಳ್ಳಿಯ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದಿತ್ತು. ಆದರೂ ಅದು ದಾರಿ ತಪ್ಪಲಿಲ್ಲ. ಕಾರಣ, ವಿಳಾಸದ ಕೊನೆಯಲ್ಲಿದ್ದ ಆರು ಅಂಕಿಗಳು. ಶ್ರೀರಾಮ ಭಿಕಾಜಿ ವೇಲಣಕರ ಎಂಬ ಅಂಚೆ ಅಧಿಕಾರಿ ರೂಪಿಸಿದ ಪಿನ್‌ಕೋಡ್ ವ್ಯವಸ್ಥೆ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಹಲವು ಊರುಗಳು, ಹತ್ತಾರು ಲಿಪಿಗಳು, ಅರ್ಥವಾಗದ ಕೈಬರಹಗಳು ಇವೆಲ್ಲದರ ನಡುವೆ ಕಾಗದ ತಪ್ಪದೆ ತಲಪಲೆಂದು ಮಾಡಿದ ಉಪಾಯವದು. ಇಂದಿನ ಸಾಗಾಟದ ಕಂಪೆನಿಗಳೆಲ್ಲ ತಮ್ಮ ವ್ಯಾಪಾರವನ್ನು ಕಟ್ಟಿರುವುದು ಅಂಚೆ ಇಲಾಖೆ ಹಾಕಿಕೊಟ್ಟ ಈ ಅಡಿಪಾಯದ ಮೇಲೆಯೇ.

ಅದರ ಮೊದಲ ಅಂಕಿ ದೇಶದ ವಲಯವನ್ನು ಹೇಳುತ್ತದೆ. ಮಹಾರಾಷ್ಟ್ರಕ್ಕೆ ಸೇರಿದ ದೇವಣಿಯದು ನಾಲ್ಕರಿಂದ ಶುರು. ಕರ್ನಾಟಕದ ಬೀದರದ್ದು ಐದರಿಂದ. ಕೇರಳದಲ್ಲಿರುವ ನಮ್ಮದು ಆರರಿಂದ. ಮೂರು ಕಡೆಯೂ ಕನ್ನಡ ಮಾತಾಡುವ ಮನೆಗಳಿವೆ. ಅಂಕಿ ಮಾತ್ರ ಬೇರೆ.

ಈ ಅಂಕಿಗಳ ಹಿಂದಿನ ಕತೆ ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. 1956ರ ನವಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ, ಅದೇ ಕಾನೂನಿನ ಪ್ರಕಾರ, ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಹರಿದು ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಉಸ್ಮಾನಾಬಾದಿನೊಂದಿಗೆ ಮುಂಬಯಿ ರಾಜ್ಯಕ್ಕೆ ಹೋದವು. ಉಳಿದ ಬೀದರದ ಬಹುಭಾಗ ಮೈಸೂರಿಗೆ ಬಂತು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರು ಜಿಲ್ಲೆಯಾಯಿತು, 1999ರಲ್ಲಿ ದೇವಣಿ ತಾಲೂಕಾಯಿತು. ಒಂದು ಹಗಲಿನ ದಾರಿಯಷ್ಟು ದೂರದ ತವರು ಬೇರೆ ರಾಜ್ಯವಾದರೆ ಏನೇನಾಗುತ್ತದೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮೊದಲು ಶಾಲೆಯ ಭಾಷೆ ಬದಲಾಗುತ್ತದೆ. ಓದುವವರು ಕಡಿಮೆಯಾದಂತೆ ಆ ಭಾಷೆಯ ಪುಸ್ತಕ ಮಾರುವ ಅಂಗಡಿಯೂ ಇಲ್ಲವಾಗುತ್ತದೆ.

ಮೆಹಬೂಬನಗರದ ಗಿರಾಕಿ

ಮನೆಬಾಗಿಲಿಗೆ ಸರಕು ತಲಪಿಸುವ ಈ ಹೊಸ ವ್ಯಾಪಾರ ನಮ್ಮ ದೇಶದಲ್ಲಿ ಬೇರು ಬಿಟ್ಟದ್ದು ಇಂಥ ಇಲ್ಲದ ಪುಸ್ತಕದಂಗಡಿಯ ಜಾಗದಲ್ಲಿಯೇ. 2007ರ ಅಕ್ಟೋಬರಿನಲ್ಲಿ ದೆಹಲಿ ಐ.ಐ.ಟಿ.ಯಲ್ಲಿ ಓದಿದ್ದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಬೆಂಗಳೂರಿನ ಕೋರಮಂಗಲದ ಒಂದು ಮನೆಯಲ್ಲಿ ಫ್ಲಿಪ್‌ಕಾರ್ಟ್ ಎಂಬ ಪುಸ್ತಕ ಮಾರಾಟದ ಸಂಸ್ಥೆಯನ್ನು ತೆರೆದರು. ಅಡ್ಡಹೆಸರು ಒಂದೇ ಆದರೂ ಅವರು ಅಣ್ಣತಮ್ಮಂದಿರಲ್ಲ. ಕೈಯಲ್ಲಿದ್ದ ಬಂಡವಾಳ ಸುಮಾರು 4 ಲಕ್ಷ ರೂಪಾಯಿ. ಪುಸ್ತಕದಂಗಡಿಯ ಮುಂದೆ ನಿಂತು, ಹೊರಗೆ ಬಂದವರ ಕೈಗೆ ತಮ್ಮ ಹೆಸರಿನ ಚೀಟಿ ಹಂಚಿದ್ದೂ ಉಂಟು.

ಮೊದಲ ಗಿರಾಕಿ ಎಲ್ಲಿಂದ ಬಂದರು? ಬೆಂಗಳೂರಿನಿಂದಲೂ ಅಲ್ಲ, ಮುಂಬಯಿಯಿಂದಲೂ ಅಲ್ಲ. ಮೆಹಬೂಬನಗರದಿಂದ; ಅಂದರೆ ದೇವಣಿಯಂತೆಯೇ ಒಂದು ಕಾಲಕ್ಕೆ ನಿಜಾಮರ ಆಡಳಿತದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿರುವ ಜಿಲ್ಲಾ ಪಟ್ಟಣದಿಂದ. ಅವರು ಬಯಸಿದ್ದು ಜಾನ್ ವುಡ್ ಎಂಬವರು ಬರೆದ ಒಂದು ಇಂಗ್ಲಿಷ್ ಪುಸ್ತಕ. ಅದು ಸುಲಭವಾಗಿ ಸಿಗಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ, ಒಂದು ಪ್ರತಿ ಕೊಂಡು ಕಳುಹಿಸಿಕೊಟ್ಟರು. ದೊಡ್ಡ ನಗರದವನಿಗೆ ಪುಸ್ತಕದಂಗಡಿ ಬೀದಿಯ ತುದಿಯಲ್ಲಿರುತ್ತದೆ. ಅಂಗಡಿಯೇ ಇಲ್ಲದ ಊರಿನವನ ಹಸಿವೇ ಈ ವ್ಯಾಪಾರವನ್ನು ಬೆಳೆಸಿತು ಎಂದರೆ ತಪ್ಪಾಗಲಾರದು.

ವಿ.ಪಿ.ಪಿ.ಯ ಮೊಮ್ಮಗ

ಆದರೆ ಪುಸ್ತಕ ಮಾರುವುದು ಬೇರೆ, ಅದನ್ನು ಮುಟ್ಟಿಸುವುದು ಬೇರೆ. ಆರಂಭದಲ್ಲಿ ಹೊರಗಿನ ಕೊರಿಯರಿನವರನ್ನೂ ಅಂಚೆಯನ್ನೂ ನಂಬಿಯೇ ಕೆಲಸ ನಡೆಯುತ್ತಿತ್ತು. ಜನರಿಗೆ ಇನ್ನೊಂದು ಅಳುಕೂ ಇತ್ತು. ಕಾಣದ ಅಂಗಡಿಗೆ ಮೊದಲೇ ಹಣ ಕೊಡುವುದು ಹೇಗೆ? ವಸ್ತು ಬಾರದಿದ್ದರೆ ಕೇಳುವುದು ಯಾರನ್ನು?

ಇದಕ್ಕೆ ಉತ್ತರವಾಗಿ 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ಎಂಬ ಕ್ರಮವನ್ನು ತಂದಿತು. ವಸ್ತು ಕೈಗೆ ಬಂದ ಮೇಲೆ ಹಣ. ಪೇಟೆಯವರು ಇದನ್ನು ದೊಡ್ಡ ಹೊಸತನವೆಂದು ಹೊಗಳಿದರು. ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನು ಕಾಣಿಸಬೇಕು? ಧಾರವಾಡದಿಂದಲೋ ಮೈಸೂರಿನಿಂದಲೋ ವಿ.ಪಿ.ಪಿ. ಮೂಲಕ ಪುಸ್ತಕ ತರಿಸಿ, ಪೋಸ್ಟ್‌ಮ್ಯಾನಿನ ಕೈಗೆ ಹಣ ಎಣಿಸಿದ ನೆನಪು ಎಷ್ಟೋ ಮನೆಗಳಲ್ಲಿದೆ. ನಮ್ಮ ಅಂಚೆಯಲ್ಲಿ ಈ ಪದ್ಧತಿ ಬಂದದ್ದು 1877ರಲ್ಲಿ. ಹೊಸ ಕ್ರಮ ಅದರ ಮೊಮ್ಮಗ ಅಷ್ಟೆ.

ಆದರೆ ಊರೂರಿನ ಬಾಗಿಲಲ್ಲಿ ಹಣ ಪಡೆದು, ಅದನ್ನು ಲೆಕ್ಕ ತಪ್ಪದೆ ಮರಳಿ ತರಬೇಕಾದರೆ ಸ್ವಂತ ಜನರೇ ಬೇಕು. 2009ರಲ್ಲಿ ಸಂಸ್ಥೆ ತನ್ನದೇ ಸಾಗಾಟದ ವಿಭಾಗವನ್ನು ಆರಂಭಿಸಿತ್ತು. ಅದರ ಹೆಸರು ಈಕಾರ್ಟ್. ಪುಸ್ತಕದ ಜೊತೆಗೆ ಮೊಬೈಲ್ ಬಂತು, ಬಟ್ಟೆ ಬಂತು, ಮಿಕ್ಸಿ, ಫ್ರಿಜ್ಜು ಬಂತು. ವ್ಯಾಪಾರ ಬೆಳೆದಂತೆ ಈಕಾರ್ಟ್ ಬೆಳೆಯಿತು; ಈಕಾರ್ಟ್ ಹೊಸ ಊರು ತಲಪಿದಂತೆ ವ್ಯಾಪಾರ ಬೆಳೆಯಿತು. ತಂದುಕೊಡುವ ಹುಡುಗರಿಗೆ ಅಲ್ಲಿ ‘ವಿಶ್ ಮಾಸ್ಟರ್’ ಎಂದು ಹೆಸರಿಟ್ಟರು. ಬಯಕೆ ಈಡೇರಿಸುವವರು ಎಂದು ಅದರ ಭಾವ.

ಬೆಳವಣಿಗೆ ಎಡವದೆ ನಡೆಯಿತೆಂದಲ್ಲ. 2014ರ ಅಕ್ಟೋಬರ್ 6ರಂದು ಭಾರೀ ರಿಯಾಯಿತಿಯ ಮಾರಾಟವೊಂದನ್ನು ಸಾರಿದಾಗ ಜನ ಮುಗಿಬಿದ್ದು ವ್ಯವಸ್ಥೆಯೇ ಕುಸಿಯಿತು. ಮರುದಿನ ಇಬ್ಬರು ಸ್ಥಾಪಕರೂ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೋರಿದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪೆನಿ ಸುಮಾರು 1600 ಕೋಟಿ ಡಾಲರ್ ತೆತ್ತು ನೂರಕ್ಕೆ 77 ಪಾಲನ್ನು ಕೊಂಡಿತು. ನಾಲ್ಕು ಲಕ್ಷ ರೂಪಾಯಿಯಿಂದ ಹೊರಟ ಅಂಗಡಿ ಹನ್ನೊಂದು ವರ್ಷಗಳಲ್ಲಿ ಮುಟ್ಟಿದ ಎತ್ತರವದು. ಆ ವರ್ಷವೇ ಇಬ್ಬರೂ ಆಡಳಿತದ ಹುದ್ದೆಗಳಿಂದ ಹೊರಬಂದರು.

ಈ ಹಾದಿಯಲ್ಲಿ ಇತರರೂ ಇದ್ದಾರೆ. ಅಮೆಜಾನ್ 2013ರ ಜೂನಿನಲ್ಲಿ ಭಾರತದ ವ್ಯಾಪಾರಕ್ಕಿಳಿಯಿತು. ಗುರುಗ್ರಾಮದಲ್ಲಿ 2011ರಲ್ಲಿ ಹುಟ್ಟಿದ ಡೆಲಿವರಿ ಎಂಬ ಕಂಪೆನಿ 2022ರಲ್ಲಿ ಷೇರುಪೇಟೆ ಸೇರಿತು. ಕನ್ನಡನಾಡಿಗೂ ಸಾಗಾಟದ ಉದ್ಯಮ ಹೊಸತಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿ.ಆರ್.ಎಲ್. ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೆಳೆದು 2015ರಲ್ಲಿ ಷೇರುಪೇಟೆಗೆ ಬಂದ ಕತೆ ಎಲ್ಲರಿಗೂ ತಿಳಿದದ್ದೇ. ವ್ಯತ್ಯಾಸವಿಷ್ಟೆ. ಲಾರಿ ಆಫೀಸಿಗೆ ರಸೀದಿ ಹಿಡಿದು ನಾವು ಹೋಗಬೇಕು. ಇಲ್ಲಿ ಸರಕೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ಪೆಟ್ಟಿಗೆಯ ಪಯಣ

ಅದು ಬರುವ ಬಗೆ ಹೀಗೆ. ನಾವು ಫೋನಿನಲ್ಲಿ ವಸ್ತುವನ್ನು ಆರಿಸಿದ ಕೂಡಲೇ ಅದು ಯಾವ ಗೋದಾಮಿನಲ್ಲಿದೆ ಎಂದು ಗಣಕ ಹುಡುಕುತ್ತದೆ. ಅಲ್ಲಿ ಒಬ್ಬರು ಅದನ್ನು ಕಪಾಟಿನಿಂದ ತೆಗೆಯುತ್ತಾರೆ, ಇನ್ನೊಬ್ಬರು ಕಟ್ಟುತ್ತಾರೆ, ಮತ್ತೊಬ್ಬರು ಗೆರೆಗೆರೆಯ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ಅಲ್ಲಿಂದ ವಿಂಗಡಣೆಯ ಕೇಂದ್ರ. ಬೆಂಗಳೂರಿನ ಇಂಥ ಕೇಂದ್ರವೊಂದರಲ್ಲಿ 2019ರಲ್ಲಿ ಫ್ಲಿಪ್‌ಕಾರ್ಟ್ ನೂರಕ್ಕೂ ಹೆಚ್ಚು ಪುಟ್ಟ ಯಂತ್ರಗಳನ್ನು ಇಳಿಸಿತು. ತಲೆಯ ಮೇಲೆ ಪೆಟ್ಟಿಗೆ ಹೊತ್ತು ನೆಲದ ಮೇಲೆ ಓಡಾಡುತ್ತ, ಪಿನ್‌ಕೋಡ್ ಪ್ರಕಾರ ಆಯಾ ಕಡೆಯ ಕಂಡಿಗೆ ಹಾಕುವುದು ಅವುಗಳ ಕೆಲಸ. ಅನಂತರ ಒಂದೇ ದಿಕ್ಕಿನ ಪೆಟ್ಟಿಗೆಗಳು ಒಂದು ಚೀಲಕ್ಕೆ, ಚೀಲಗಳು ರಾತ್ರಿಯ ಲಾರಿಗೆ. ದಾರಿಯಲ್ಲಿ ಮತ್ತೊಂದು ವಿಂಗಡಣೆ. ಬೆಳಗಾಗುವಾಗ ಟೆಂಪೋದಲ್ಲಿ ತಾಲೂಕಿನ ಪೇಟೆಗೆ.

ಇಲ್ಲಿಯ ತನಕ ಎಲ್ಲವೂ ಯಂತ್ರದ ಲೆಕ್ಕ. ನೂರಾರು ಪೆಟ್ಟಿಗೆಗಳು ಒಟ್ಟಿಗೆ ಸಾಗುವುದರಿಂದ ಒಂದೊಂದರ ಮೇಲೆ ಬೀಳುವ ಖರ್ಚು ಅತ್ಯಲ್ಪ. ಪೇಟೆಯಿಂದ ಮನೆಬಾಗಿಲಿನವರೆಗಿನ ಉಳಿದ ದಾರಿಯನ್ನು ಆ ವ್ಯವಹಾರದವರು ‘ಕೊನೆಯ ಮೈಲಿ’ ಎನ್ನುತ್ತಾರೆ. ಇಡೀ ಪಯಣದಲ್ಲಿ ಅತಿ ಚಿಕ್ಕದು ಅದು, ಅತಿ ದುಬಾರಿಯೂ ಅದೇ. ನಗರದಲ್ಲಾದರೆ ಒಂದೇ ಕಟ್ಟಡದಲ್ಲಿ ಹತ್ತು ಪೆಟ್ಟಿಗೆ ಕೊಡಬಹುದು. ದೇವಣಿಯ ಹಳ್ಳಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೈಲುಗಟ್ಟಲೆ ಹೊಲ. ನಮ್ಮಲ್ಲಾದರೂ ಗುಡ್ಡ ಹತ್ತಿ, ತೋಡು ದಾಟಿ ಹೋಗಬೇಕು. ಹೋದಾಗ ಬಾಗಿಲು ಮುಚ್ಚಿರುತ್ತದೆ. ಕೊಳ್ಳುವವನ ಮನಸ್ಸು ಬದಲಾದರೆ ಪೆಟ್ಟಿಗೆ ಬಂದ ದಾರಿಯಲ್ಲೇ ಮರಳಬೇಕು.

ಅಲ್ಲಿ ಯಂತ್ರದ ಆಟ ನಡೆಯದು. ಚೀಟಿಯಲ್ಲಿ ತಪ್ಪಾಗಿ ಬರೆದ ಹೆಸರನ್ನು ಸರಿಯಾಗಿ ಓದಿಕೊಳ್ಳುವವನು, ‘ಹನುಮಂತನ ಗುಡಿ ಹಿಂದಿನ ಮನೆ’ ಎಂದರೆ ತಿಳಿಯುವವನು, ಯಾವ ಮನೆಯಲ್ಲಿ ಮರಾಠಿ, ಯಾವ ಮನೆಯಲ್ಲಿ ಕನ್ನಡ, ಯಾವ ಮನೆಯಲ್ಲಿ ಉರ್ದು ಎಂದು ಬಲ್ಲವನು ಒಬ್ಬ ಬೇಕು. ನಾವು ಕಂಡ ಹುಡುಗನಿಗೆ ಮೂರು ಭಾಷೆಯೂ ಬರುತ್ತಿತ್ತು. ಆ ಮೂರನ್ನೂ ಅವನಿಗೆ ಯಾವ ಕಂಪೆನಿಯೂ ಕಲಿಸಿದ್ದಲ್ಲ. ಗಡಿನಾಡಿನಲ್ಲಿ ಹುಟ್ಟಿದ್ದರಿಂದ ಬಂದದ್ದು. ನಮ್ಮ ಕಡೆ ಕನ್ನಡ, ಮಲಯಾಳ, ತುಳುಗಳನ್ನು ಒಂದೇ ಉಸಿರಿನಲ್ಲಿ ಆಡುತ್ತ ಪೆಟ್ಟಿಗೆ ಹಂಚುವ ಹುಡುಗರ ಮಾತೂ ಇದೇ. ಈ ಭಾಷಾಜ್ಞಾನದ ಮೇಲೆ ವ್ಯಾಪಾರ ನಡೆಯುತ್ತದೆ. ಆದರೆ ಅದಕ್ಕೆಂದು ಯಾರೂ ಬೆಲೆ ಕಟ್ಟಿಲ್ಲ.

ಮಜ್ಜಿಗೆ ಕುಡಿಯುತ್ತ ಕುಳಿತವನನ್ನು ಸಂಬಳದ ಬಗ್ಗೆ ಕೇಳಿದೆ. “ಪಗಾರ ಇಲ್ರಿ ಸರ್, ಡಬ್ಬಿ ಲೆಕ್ಕ” ಎಂದ. ಕೊಟ್ಟ ಪೆಟ್ಟಿಗೆಗೆ ಇಂತಿಷ್ಟು. ಬೈಕು ಅವನದು, ಕಂತು ಇನ್ನೂ ಮುಗಿದಿಲ್ಲ. ಪೆಟ್ರೋಲು ಅವನದು. ಹಿಂದಿನ ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆಯಲ್ಲಿ ಬೈಕು ಜಾರಿ ಕಾಲು ಮುರಿದು ಎರಡು ತಿಂಗಳು ಮಲಗಿದ್ದನಂತೆ. “ಅವತ್ತು ಸಂಜಿಗೇ ಡಬ್ಬಿ ಎಣಿಸಿ ಒಯ್ದರು. ಎರಡು ತಿಂಗಳು ನಂದು ಏನೂ ಇಲ್ಲ” ಎಂದು ನಗುತ್ತಲೇ ಹೇಳಿದ. ಯಾವ ಸಂಸ್ಥೆ ಎಂಬುದು ಇಲ್ಲಿ ಬೇಡ. ಹತ್ತನೆಯ ತರಗತಿ ಮುಗಿಸಿ ಇದೇ ಕೆಲಸಕ್ಕೆ ಸೇರಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಮುಖ ಆಗ ಕಣ್ಣ ಮುಂದೆ ಬಂತು. ಪಾಠ ಮಾಡುವಾಗ ನಾವು ಮಕ್ಕಳಿಗೆ ‘ಮುಂದೆ ಏನಾಗುತ್ತೀ’ ಎಂದು ಕೇಳುತ್ತೇವೆ. ಆದವರನ್ನು ‘ಹೇಗಿದ್ದೀ’ ಎಂದು ಕೇಳುವುದಿಲ್ಲ.

ಕಾನೂನು ನಿಲ್ಲುವ ಜಾಗ

ಸರಕಾರಗಳು ಈ ವಿಷಯದಲ್ಲಿ ಪೂರ್ತಿ ಕಣ್ಣು ಮುಚ್ಚಿವೆ ಎನ್ನಲಾಗದು. ಇಂಥ ಕೆಲಸಗಾರರು 2020–21ರಲ್ಲಿ ದೇಶದಲ್ಲಿ 77 ಲಕ್ಷದಷ್ಟಿದ್ದರೆಂದೂ 2029–30ರ ಹೊತ್ತಿಗೆ 2.35 ಕೋಟಿಯಾಗುವರೆಂದೂ ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. ರಾಜಸ್ಥಾನ 2023ರಲ್ಲಿ ಇವರಿಗಾಗಿ ಕಾನೂನು ಮಾಡಿತು. ಕರ್ನಾಟಕದ ಕಾನೂನು 2025ರಲ್ಲಿ ಬಂತು. ಅದರ ಪ್ರಕಾರ ಕೆಲಸಗಾರನಿಗೆ ಕೊಡುವ ಪ್ರತಿಯೊಂದು ಪಾವತಿಯ ಮೇಲೆ ಕಂಪೆನಿ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ತಿಳಿಸದೆ, 14 ದಿನಗಳ ಮುನ್ಸೂಚನೆ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಇದು ಮೆಚ್ಚತಕ್ಕ ಕ್ರಮ.

ಆದರೆ ಆ ಕಾನೂನು ಕರ್ನಾಟಕದ ಗಡಿಯಲ್ಲಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಕಂಪೆನಿಯ ಪೆಟ್ಟಿಗೆ ಕಮಲನಗರ ದಾಟಿ ದೇವಣಿಗೆ ಬರುತ್ತದೆ, ತಲಪಾಡಿ ದಾಟಿ ಮಂಜೇಶ್ವರಕ್ಕೂ ಬರುತ್ತದೆ. ಪೆಟ್ಟಿಗೆ ಹೊತ್ತ ಹುಡುಗನಿಗೆ ಸಿಗಬೇಕಾದ ರಕ್ಷಣೆ ಮಾತ್ರ ಗಡಿಯಿಂದ ಈಚೆಗೆ ದಾಟುವುದಿಲ್ಲ. ಅವನಿಗೆ ಉಳಿಯುವುದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ. 2020ರಲ್ಲಿ ಅಂಗೀಕಾರವಾದ ಆ ಸಂಹಿತೆ ಜಾರಿಗೆ ಬಂದದ್ದು 2025ರ ನವಂಬರ್ 21ರಂದು. ಅದರಲ್ಲಿ ಕಂಪೆನಿಗಳು ವಾರ್ಷಿಕ ವಹಿವಾಟಿನ ನೂರಕ್ಕೆ 1ರಿಂದ 2ರಷ್ಟನ್ನು, ಕೆಲಸಗಾರರಿಗೆ ಕೊಟ್ಟ ಹಣದ ನೂರಕ್ಕೆ 5 ಮೀರದಂತೆ, ನಿಧಿಗೆ ಕೊಡಬೇಕೆಂದಿದೆ. ನಿಧಿಗೆ ಬಂದ ಹಣ ಎರೆಮಣ್ಣಿನಲ್ಲಿ ಜಾರಿಬಿದ್ದ ಹುಡುಗನ ಆಸ್ಪತ್ರೆಯ ಚೀಟಿಯವರೆಗೆ ತಲಪಿದಾಗಲೇ ಅದಕ್ಕೆ ಅರ್ಥ. ಮುಂಬಯಿಯಲ್ಲಿಯೂ ತಿರುವನಂತಪುರದಲ್ಲಿಯೂ ಅಧಿಕಾರದಲ್ಲಿರುವವರು ಕರ್ನಾಟಕದ ಕಾನೂನಿನ ಪ್ರತಿಯನ್ನು ತರಿಸಿ ಓದಿದರೆ ನಷ್ಟವೇನಿಲ್ಲ.

ಇಂಥ ಕಂಪೆನಿಗಳ ಬೆಳವಣಿಗೆಯನ್ನು ಡಾಲರಿನ ಲೆಕ್ಕದಲ್ಲಿ ಅಳೆಯುವವರು ಅಳೆಯಲಿ. ಗಡಿನಾಡಿನವರಾದ ನಾವು ಇನ್ನೆರಡು ಅಳತೆಗಳನ್ನು ಇಟ್ಟುಕೊಳ್ಳಬೇಕಾಗಿದೆ. ಪುಸ್ತಕದಂಗಡಿ ಇಲ್ಲದ ಊರಿಗೆ ನಮ್ಮ ಭಾಷೆಯ ಪುಸ್ತಕ ತಲಪುತ್ತಿದೆಯೇ? ತಲಪಿಸಿದವನು ಕ್ಷೇಮವಾಗಿ ಮನೆ ಸೇರುತ್ತಿದ್ದಾನೆಯೇ? ಮೊದಲನೆಯದಕ್ಕೆ ಉತ್ತರ ಸಮಾಧಾನಕರವಾಗಿದೆ. ಅಂಚೆ ಇಲಾಖೆಯೂ 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಅಗ್ಗದ ‘ಜ್ಞಾನ ಪೋಸ್ಟ್’ ಸೇವೆಯನ್ನು ತೆರೆದಿದೆ. ನಮ್ಮ ಪ್ರಕಾಶಕರು ಅದನ್ನು ಬಳಸಿಕೊಳ್ಳಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕಾಗಿದೆ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಆ ಭಾಗದಲ್ಲಿ ಮನೆಮಾತು. ಅಕ್ಕನ ಮಡಿಲಲ್ಲಿದ್ದ ಪೆಟ್ಟಿಗೆಯನ್ನು ನೋಡುವಾಗ ಅದು ನೆನಪಾಯಿತು. ಹೊರಗೆ ಇಂಗ್ಲಿಷ್ ಚೀಟಿ, ಒಳಗೆ ವಚನ.

ಹುಡುಗ ಎದ್ದು ಚೀಲ ಹೆಗಲಿಗೇರಿಸಿದ. ಇನ್ನೂ ಹತ್ತಿಪ್ಪತ್ತು ಪೆಟ್ಟಿಗೆ ಬಾಕಿ ಇದ್ದವು. “ದೀಪಾವಳಿಗೆ ಇನ್ನೊಂದು ಪುಸ್ತಕ ತರಸ್ತೀನಪಾ, ನೀನೇ ತಗೊಂಡ್ ಬಾ” ಎಂದರು ಅಕ್ಕ.

“ಅಲ್ಲೀತನಕ ಇದೇ ಕೆಲಸದಾಗ ಇದ್ರ ನಾನೇ ತರ್ತೀನಿ, ಆಯಿ” ಎಂದು ಹೇಳಿ ಅವನು ಬೈಕು ಹತ್ತಿದ.